ನಾಲ್ಕು ಹೆಸರು, ಹತ್ತಾರು ಕೈ: ಫೋರ್ ಟಾಪ್ಸ್ ತಂಡದ ‘ರೀಚ್ ಔಟ್’

ನೀವು ಮೆಟ್ರೋದಲ್ಲೋ ಆಫೀಸ್ ಕ್ಯಾಬ್‌ನಲ್ಲೋ ಕೂತು ಇದನ್ನ ಓದ್ತಿದ್ದರೆ ಕಿವಿಯಲ್ಲಿ ಇಯರ್‌ಫೋನ್ ಇದ್ದೇ ಇರುತ್ತೆ. ಒಂದು ಕೆಲಸ ಮಾಡಿ. ನಿಮ್ಮ ಮ್ಯೂಸಿಕ್ ಆ್ಯಪ್‌ನಲ್ಲಿ ಫೋರ್ ಟಾಪ್ಸ್ ತಂಡದ ‘ಬರ್ನಡೆಟ್’ ಹುಡುಕಿ ಹಾಕಿ. ಸುಮಾರು ಮೂರು ನಿಮಿಷದ ಹಾಡು. ಮುಗಿಯೋಕೆ ಸ್ವಲ್ಪ ಮುಂಚೆ ವಾದ್ಯಗಳೆಲ್ಲ ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತವೆ. ಕೋರಸ್ ದನಿಗಳು ಮಾತ್ರ ಗಾಳಿಯಲ್ಲಿ ತೇಲ್ತಾ ಇರುತ್ತವೆ. ಮುಗೀತು ಅಂದುಕೊಂಡು ಮುಂದಿನ ಹಾಡಿಗೆ ನಿಮ್ಮ ಬೆರಳು ಹೋಗುವಷ್ಟರಲ್ಲಿ, ಒಬ್ಬ ಗಂಡಸು ಎದೆ ಬಿರಿಯುವ ಹಾಗೆ ಆ ಹೆಣ್ಣಿನ ಹೆಸರನ್ನ ಕೂಗುತ್ತಾನೆ. ಹಾಡು ಮತ್ತೆ ಎದ್ದು ನಿಲ್ಲುತ್ತೆ.

ಆ ಕೂಗು ಲೀವೈ ಸ್ಟಬ್ಸ್ ಅವರದ್ದು. ಹಾಡು ಇರೋದು 1967ರ ಜುಲೈನಲ್ಲಿ ಬಂದ ‘ರೀಚ್ ಔಟ್’ ಅನ್ನೋ ಆಲ್ಬಂನಲ್ಲಿ. ಅಮೆರಿಕದ ಸೋಲ್ ಸಂಗೀತ ಕೇಳಬೇಕು, ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಇದನ್ನೇ. ಹಾಡುಗಳು ಚೆನ್ನಾಗಿವೆ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣವೂ ಇದೆ. ಟೀಮಲ್ಲಿ ಕೆಲಸ ಮಾಡೋ ನಮ್ಮಂಥವರಿಗೆ ತುಂಬಾ ಹತ್ತಿರದ ಒಂದು ಪ್ರಶ್ನೆ ಈ ಆಲ್ಬಂ ಒಳಗೆ ಕೂತಿದೆ: ಕೆಲಸ ಯಾರು ಮಾಡಿದ್ದು, ಹೆಸರು ಯಾರಿಗೆ ಬಂತು?

ಹತ್ತು ವರ್ಷ ಹಿಟ್ ಇಲ್ಲದ ತಂಡ

ಡೆಟ್ರಾಯಿಟ್. ಕಾರಿನ ಊರು. ಲೀವೈ ಸ್ಟಬ್ಸ್, ಅಬ್ದುಲ್ ‘ಡ್ಯೂಕ್’ ಫಕೀರ್, ರೆನಾಲ್ಡೊ ‘ಓಬಿ’ ಬೆನ್ಸನ್, ಲಾರೆನ್ಸ್ ಪೇಟನ್ ಅನ್ನೋ ನಾಲ್ವರು ಹುಡುಗರು ಅಲ್ಲಿನ ಎರಡು ಹೈಸ್ಕೂಲುಗಳಲ್ಲಿ ಓದಿದವರು. 1950ರ ದಶಕದ ಮೊದಲ ಭಾಗದಲ್ಲಿ ಒಟ್ಟಿಗೆ ಹಾಡೋಕೆ ಶುರು ಮಾಡಿದರು. ಮೊದಲು ಇಟ್ಟುಕೊಂಡ ಹೆಸರು ‘ಫೋರ್ ಏಮ್ಸ್’. ಆಗಲೇ ‘ಏಮ್ಸ್ ಬ್ರದರ್ಸ್’ ಅಂತ ಹೆಸರಾದ ಬೇರೆ ತಂಡ ಇತ್ತು. ಜನಕ್ಕೆ ಗೊಂದಲ ಆಗಬಾರದು ಅಂತ ‘ಫೋರ್ ಟಾಪ್ಸ್’ ಆದರು.

ಈ ನಾಲ್ವರಲ್ಲಿ ಡ್ಯೂಕ್ ಫಕೀರ್ ಅವರ ಬೇರು ನಮ್ಮ ಉಪಖಂಡಕ್ಕೆ ಬರುತ್ತೆ. ಅವರ ತಂದೆ ಇಂದಿನ ಬಾಂಗ್ಲಾದೇಶದಿಂದ ಹೋಗಿ ಡೆಟ್ರಾಯಿಟ್‌ನಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಸೇರಿದವರು. ಮೋಟೌನ್ ಸಂಗೀತದ ನಡುವೆ ‘ಫಕೀರ್’ ಅನ್ನೋ ಹೆಸರು ಹೇಗೆ ಬಂತು ಅಂತ ಆಶ್ಚರ್ಯ ಆದರೆ ಉತ್ತರ ಇದು.

ಹೆಸರು ಬದಲಾಯಿತು, ಅದೃಷ್ಟ ಬದಲಾಗಲಿಲ್ಲ. 1956ರಲ್ಲಿ ಚೆಸ್ ಕಂಪನಿಗೆ ಹಾಡಿದರು. ಆಮೇಲೆ ಇನ್ನೂ ಒಂದೆರಡು ಕಂಪನಿ. ಯಾವುದೂ ಓಡಲಿಲ್ಲ. ಕ್ಲಬ್ಬುಗಳಲ್ಲಿ ಜಾಝ್ ಹಾಡ್ತಾ, ನಾಲ್ಕು ದನಿ ಹೇಗೆ ಒಂದಾಗಬೇಕು ಅನ್ನೋದನ್ನ ಪಳಗಿಸ್ತಾ ವರ್ಷಗಳು ಕಳೆದವು. 1963ರಲ್ಲಿ ತಮ್ಮದೇ ಊರಿನ ಮೋಟೌನ್ ಕಂಪನಿ ಸೇರಿದರು. 1964ರಲ್ಲಿ ‘ಬೇಬಿ ಐ ನೀಡ್ ಯುವರ್ ಲವಿಂಗ್’ ಹಿಟ್ ಆಯಿತು. 1965ರಲ್ಲಿ ‘ಐ ಕಾಂಟ್ ಹೆಲ್ಪ್ ಮೈಸೆಲ್ಫ್’ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಅಂದರೆ ತಂಡ ಕಟ್ಟಿ ಹತ್ತು ವರ್ಷ ಆದಮೇಲೆ ಮೊದಲ ದೊಡ್ಡ ಗೆಲುವು. ಅಷ್ಟೂ ದಿನ ಒಬ್ಬರೂ ತಂಡ ಬಿಟ್ಟು ಹೋಗಲಿಲ್ಲ. ಎರಡು ವರ್ಷಕ್ಕೊಂದು ಕಂಪನಿ ಬದಲಾಯಿಸೋ ನಮ್ಮ ಕಾಲಕ್ಕೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು.

ಕಾರು ಫ್ಯಾಕ್ಟರಿ ಕಲಿಸಿದ ಪಾಠ

ಮೋಟೌನ್ ಕಟ್ಟಿದ ಬೆರ್ರಿ ಗಾರ್ಡಿ ಮೊದಲು ಕಾರು ಫ್ಯಾಕ್ಟರಿಯ ಅಸೆಂಬ್ಲಿ ಲೈನಲ್ಲಿ ದುಡಿದವರು. ಒಂದು ಕಡೆಯಿಂದ ಬರೀ ಕಬ್ಬಿಣದ ಚೌಕಟ್ಟು ಒಳಗೆ ಬರುತ್ತೆ, ಇನ್ನೊಂದು ಕಡೆಯಿಂದ ಹೊಳೆಯೋ ಕಾರು ಹೊರಗೆ ಹೋಗುತ್ತೆ. ಹಾಡನ್ನೂ ಹೀಗೇ ಮಾಡಬಹುದಲ್ಲ ಅಂತ ಅವರಿಗೆ ಹೊಳೆಯಿತು. 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ತಗೊಂಡು ಕಂಪನಿ ಶುರು ಮಾಡಿದರು. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆಯ ಒಂದು ಸಾಮಾನ್ಯ ಮನೆಗೆ ‘ಹಿಟ್ಸ್‌ವಿಲ್ ಯುಎಸ್‌ಎ’ ಅಂತ ಬೋರ್ಡು ಬಿತ್ತು. ಒಳಗಿನ ಪುಟ್ಟ ಸ್ಟುಡಿಯೋಗೆ ವಾದ್ಯದವರು ಇಟ್ಟ ಅಡ್ಡಹೆಸರು ‘ಸ್ನೇಕ್‌ಪಿಟ್’, ಅಂದರೆ ಹಾವಿನ ಗುಂಡಿ.

ಅಲ್ಲಿ ಕೆಲಸ ಹಂಚಿಕೆ ಆಗಿರುತ್ತಿತ್ತು. ಹಾಡು ಬರೆಯೋರು ಒಂದು ಕಡೆ, ನುಡಿಸೋರು ಇನ್ನೊಂದು ಕಡೆ, ಹಾಡೋರು ಮತ್ತೊಂದು ಕಡೆ. ಮೊದಲು ವಾದ್ಯಗಳ ಟ್ರ್ಯಾಕ್ ರೆಕಾರ್ಡ್ ಆಗುತ್ತೆ, ಹಾಡುಗಾರರು ಆಮೇಲೆ ಬಂದು ಅದರ ಮೇಲೆ ಹಾಡುತ್ತಾರೆ. ಯಾವ ಹಾಡು ಹೊರಗೆ ಹೋಗಬೇಕು ಅನ್ನೋದಕ್ಕೆ ‘ಕ್ವಾಲಿಟಿ ಕಂಟ್ರೋಲ್’ ಮೀಟಿಂಗ್, ಅದರಲ್ಲಿ ವೋಟಿಂಗ್. ನಮ್ಮ ಸ್ಪ್ರಿಂಟ್ ರಿವ್ಯೂ ನೆನಪಾದರೆ ಅದು ನಿಮ್ಮ ತಪ್ಪಲ್ಲ.

ಶ್ರುತಿ ಏರಿಸಿದ ಮೂವರು

ಫೋರ್ ಟಾಪ್ಸ್‌ಗೆ ಹಾಡು ಕೊಡ್ತಾ ಇದ್ದದ್ದು ಬ್ರಯಾನ್ ಹಾಲೆಂಡ್, ಲಮೋಂಟ್ ಡೋಝಿಯರ್, ಎಡ್ಡಿ ಹಾಲೆಂಡ್ ಅನ್ನೋ ಮೂವರು. ಬ್ರಯಾನ್ ಮತ್ತು ಲಮೋಂಟ್ ಸಂಗೀತ ನೋಡಿಕೊಳ್ಳೋರು, ಎಡ್ಡಿ ಸಾಹಿತ್ಯ ಬರೆದು ಹಾಡುಗಾರರಿಗೆ ಹೇಳಿಕೊಡೋರು.

ಲೀವೈ ಸ್ಟಬ್ಸ್ ಅವರದ್ದು ಬ್ಯಾರಿಟೋನ್, ಅಂದರೆ ಗಂಡಸರ ದನಿಯಲ್ಲಿ ನಡು ಮಟ್ಟದ, ಸ್ವಲ್ಪ ಗಡುಸಾದ ದನಿ. ಈ ಮೂವರು ಬೇಕಂತಲೇ ಹಾಡನ್ನ ಅವರಿಗೆ ಆರಾಮಾಗಿ ಸಿಗೋದಕ್ಕಿಂತ ಮೇಲಿನ ಶ್ರುತಿಯಲ್ಲಿ ಕಟ್ಟುತ್ತಿದ್ದರು. ಹಾರ್ಮೋನಿಯಂ ಮುಂದೆ ಕೂತು ಹಾಡಿದವರಿಗೆ ಗೊತ್ತಿರುತ್ತೆ, ಶ್ರುತಿ ಎರಡು ಮನೆ ಏರಿಸಿದರೆ ಗಂಟಲು ಹೇಗೆ ಬಿಗಿಯುತ್ತೆ ಅಂತ. ಸ್ಟಬ್ಸ್ ದನಿ ಮೇಲಿನ ಸ್ವರಕ್ಕೆ ಕೈ ಚಾಚಿ, ತುದಿಗಾಲಲ್ಲಿ ನಿಂತು ಹಿಡಿದುಕೊಳ್ಳೋ ಹಾಗೆ ಕೇಳಿಸುತ್ತೆ. ಆ ಒದ್ದಾಟವೇ ಹಾಡಿನ ಭಾವ. ಪ್ರೀತಿಸಿದವಳ ಮುಂದೆ ಬೇಡಿಕೊಳ್ಳೋ ಗಂಡಸಿನ ದನಿ ಆರಾಮಾಗಿ ಇದ್ದರೆ ಯಾರು ನಂಬ್ತಾರೆ?

‘ರೀಚ್ ಔಟ್ ಐಲ್ ಬಿ ದೇರ್’ ಹಾಡಿನಲ್ಲಿ ಇನ್ನೊಂದು ಪ್ರಯೋಗವೂ ಇದೆ. ಸ್ಟಬ್ಸ್ ಅಲ್ಲಿ ಅರ್ಧ ಹಾಡುತ್ತಾರೆ, ಅರ್ಧ ಕೂಗಿ ಹೇಳುತ್ತಾರೆ. ಆಗ ಬಾಬ್ ಡಿಲನ್ ಹಾಡೋ ರೀತಿ ಈ ಮೂವರಿಗೆ ತುಂಬಾ ಹಿಡಿಸಿತ್ತು, ಅದನ್ನ ಮನಸ್ಸಿನಲ್ಲಿಟ್ಟುಕೊಂಡೇ ಸ್ಟಬ್ಸ್ ಅವರಿಂದ ಹೀಗೆ ಹಾಡಿಸಿದರು ಅಂತ ಡೋಝಿಯರ್ ಆಮೇಲೆ ಹೇಳಿಕೊಂಡಿದ್ದಾರೆ. ಪಿಕೊಲೊ, ಕೊಳಲು, ಕುದುರೆ ಓಡಿದ ಹಾಗೆ ಬಡಿಯೋ ತಾಳ, ಇವುಗಳಿಂದ ಹಾಡು ಶುರು. ಚರಣ ಮೈನರ್ ಸ್ವರಗಳ ಕತ್ತಲಲ್ಲಿ ನಡೆದು, ಪಲ್ಲವಿಗೆ ಬರೋ ಹೊತ್ತಿಗೆ ಮೇಜರ್ ಕಡೆ ಹೊರಳುತ್ತೆ. ಕಷ್ಟದಲ್ಲಿರೋಳಿಗೆ ‘ಕೈ ಚಾಚು, ನಾನಿದ್ದೀನಿ’ ಅನ್ನೋದು ಹಾಡಿನ ಅರ್ಥ. ರಾಗದ ಹೊರಳುವಿಕೆಯೇ ಆ ಮಾತನ್ನ ಹೇಳಿಬಿಡುತ್ತೆ.

ತಮಾಷೆ ಏನು ಗೊತ್ತಾ? ತಂಡದವರಿಗೇ ಇದರ ಮೇಲೆ ನಂಬಿಕೆ ಇರಲಿಲ್ಲ. ಏನೋ ಪ್ರಯೋಗ, ಆಲ್ಬಂನ ಮೂಲೆಯಲ್ಲಿ ಇದ್ದರೆ ಸಾಕು ಅಂದುಕೊಂಡಿದ್ದರು. ಇದನ್ನ ಸಿಂಗಲ್ ಆಗಿ ಬಿಡಬೇಡಿ ಅಂತ ಗಾರ್ಡಿ ಅವರನ್ನ ಕೇಳಿಕೊಂಡೆವು ಅಂತ ಫಕೀರ್ ಎಷ್ಟೋ ಸಂದರ್ಶನಗಳಲ್ಲಿ ನಗುತ್ತಾ ಹೇಳಿದ್ದಾರೆ. ಗಾರ್ಡಿ ಕೇಳಲಿಲ್ಲ. 1966ರ ಅಕ್ಟೋಬರಿನಲ್ಲಿ ಅದು ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಒಂದನೇ ಸ್ಥಾನಕ್ಕೇರಿತು.

ಅದರ ಹಿಂದೆಯೇ ‘ಸ್ಟ್ಯಾಂಡಿಂಗ್ ಇನ್ ದ ಶ್ಯಾಡೋಸ್ ಆಫ್ ಲವ್’, ‘ಬರ್ನಡೆಟ್’, ‘ಸೆವೆನ್ ರೂಮ್ಸ್ ಆಫ್ ಗ್ಲೂಮ್’ ಬಂದವು. ಇವೆಲ್ಲ ಸೇರಿ, ಜೊತೆಗೆ ಬೇರೆಯವರ ಕೆಲವು ಹಾಡುಗಳನ್ನ ತಮ್ಮ ರೀತಿಯಲ್ಲಿ ಹಾಡಿ, ಒಟ್ಟು 12 ಹಾಡಿನ ‘ರೀಚ್ ಔಟ್’ ಆಲ್ಬಂ ಆಯಿತು. ಅದರ ಆರು ಹಾಡುಗಳು ಸಿಂಗಲ್ ಆಗಿ ಅಮೆರಿಕದ ಟಾಪ್ 20 ಒಳಗೆ ಬಂದವು.

ಆಲ್ಬಂ ಅಂಗಡಿಗೆ ಬಂದ ತಿಂಗಳಲ್ಲೇ ಡೆಟ್ರಾಯಿಟ್ ಹೊತ್ತಿ ಉರಿಯಿತು. 1967ರ ಜುಲೈ 23ರ ನಸುಕಿನಲ್ಲಿ ಒಂದು ಪೊಲೀಸ್ ದಾಳಿಯಿಂದ ಶುರುವಾದ ಗಲಭೆ ಐದು ದಿನ ನಡೆದು, 43 ಜನ ಸತ್ತರು. ಕಪ್ಪು ಜನರ ಮೇಲೆ ಪೊಲೀಸರ ದಬ್ಬಾಳಿಕೆ, ಮನೆ ಮತ್ತು ಕೆಲಸದಲ್ಲಿ ತಾರತಮ್ಯ, ಇದೆಲ್ಲ ವರ್ಷಗಟ್ಟಲೆ ಒಳಗೇ ಕುದ್ದು ಹೊರಗೆ ಬಂದ ಸಿಟ್ಟು ಅದು. ಈ ಆಲ್ಬಂನ ಒಂದು ಹಾಡೂ ರಾಜಕೀಯ ಮಾತಾಡಲ್ಲ. ಆದರೂ ಸ್ಟಬ್ಸ್ ದನಿಯ ಆ ಒತ್ತಡ ಯಾವ ಊರಲ್ಲಿ, ಯಾವ ಹೊತ್ತಲ್ಲಿ ಹುಟ್ಟಿದ್ದು ಅಂತ ಗೊತ್ತಿದ್ದರೆ ಕೇಳೋ ಕಿವಿ ಬೇರೆ ಆಗುತ್ತೆ.

ಎಲೆಮರೆಯ ಕಾಯಿಗಳು

ಈಗ ‘ಬರ್ನಡೆಟ್’ ಇನ್ನೊಂದು ಸಲ ಹಾಕಿ. ಈ ಸಲ ಸ್ಟಬ್ಸ್ ಅವರನ್ನ ಮರೆತು ಕೆಳಗಿನ ಬೇಸ್ ಗಿಟಾರ್ ಮಾತ್ರ ಕೇಳಿ. ಫೋನಿನ ಸ್ಪೀಕರಿನಲ್ಲಿ ಸಿಗಲ್ಲ, ಇಯರ್‌ಫೋನ್ ಬೇಕೇ ಬೇಕು. ಬೇಸ್ ಅಂದರೆ ಸುಮ್ಮನೆ ಒಂದೇ ಸ್ವರ ಕುಟ್ಟಿಕೊಂಡು ಹಿಂದೆ ಇರೋದು ಅಂತ ಅಂದುಕೊಂಡವರಿಗೆ ಇಲ್ಲಿ ಆಶ್ಚರ್ಯ ಕಾದಿದೆ. ಅದು ಇನ್ನೊಬ್ಬ ಹಾಡುಗಾರನ ಹಾಗೆ ಸ್ಟಬ್ಸ್ ಜೊತೆ ಮಾತಾಡ್ತಾ, ಎದುರು ಹೇಳ್ತಾ, ಒಂದು ಕಡೆ ನಿಲ್ಲದೆ ಓಡಾಡುತ್ತೆ.

ಅದನ್ನ ನುಡಿಸಿದವರು ಜೇಮ್ಸ್ ಜೇಮರ್ಸನ್. ಬಲಗೈಯ ತೋರುಬೆರಳು ಒಂದರಿಂದಲೇ ತಂತಿ ಮೀಟುತ್ತಿದ್ದರು. ಆ ಬೆರಳಿಗೆ ‘ದ ಹುಕ್’ ಅಂತಲೇ ಹೆಸರು. ಅವರಂಥ ಹತ್ತು ಹದಿಮೂರು ಜನರ ಒಂದು ಬಳಗ ಸ್ನೇಕ್‌ಪಿಟ್‌ನಲ್ಲಿ ಇತ್ತು. ಪಿಯಾನೊಗೆ ಅರ್ಲ್ ವ್ಯಾನ್ ಡೈಕ್, ಡ್ರಮ್ಸ್‌ಗೆ ಬೆನ್ನಿ ಬೆಂಜಮಿನ್, ತಂಬೂರಿನ್‌ಗೆ ಜ್ಯಾಕ್ ಆಶ್‌ಫೋರ್ಡ್, ಗಿಟಾರಿಗೆ ರಾಬರ್ಟ್ ವೈಟ್, ಎಡ್ಡಿ ವಿಲ್ಲಿಸ್, ಜೋ ಮೆಸ್ಸಿನಾ. ಇವರಲ್ಲಿ ಹಲವರು ರಾತ್ರಿ ಕ್ಲಬ್ಬುಗಳಲ್ಲಿ ಜಾಝ್ ನುಡಿಸಿ, ಹಗಲು ಇಲ್ಲಿಗೆ ಬರೋರು. ಬಳಗದ ಹೆಸರು ‘ಫಂಕ್ ಬ್ರದರ್ಸ್’. ಸುಪ್ರೀಮ್ಸ್, ಟೆಂಪ್ಟೇಶನ್ಸ್, ಸ್ಟೀವಿ ವಂಡರ್, ಮಾರ್ವಿನ್ ಗೇ, ಫೋರ್ ಟಾಪ್ಸ್, ಹೀಗೆ ಆ ಕಾಲದ ಮೋಟೌನ್ ಹಿಟ್‌ಗಳ ಹಿಂದೆ ಇದ್ದದ್ದು ಈ ಕೈಗಳೇ.

ಇನ್ನೊಂದು ಪದರ ಇದೆ. ಫೋರ್ ಟಾಪ್ಸ್ ಹಾಡುಗಳಲ್ಲಿ ಗಂಡು ದನಿಗಳ ಮೇಲೆ ತೆಳ್ಳಗೆ ಹೆಣ್ಣು ದನಿಗಳು ಕೇಳಿಸುತ್ತವೆ. ಅದು ‘ಆಂಡಾಂಟೀಸ್’. ಜ್ಯಾಕಿ ಹಿಕ್ಸ್, ಮಾರ್ಲೀನ್ ಬ್ಯಾರೋ, ಲುವೇನ್ ಡೆಂಪ್ಸ್ ಅನ್ನೋ ಮೂವರು ಹೆಣ್ಣುಮಕ್ಕಳು. ತಂಡದ ಹೆಸರಲ್ಲಿ ‘ನಾಲ್ಕು’ ಇದ್ದರೂ ನಿಮ್ಮ ಕಿವಿಗೆ ಬೀಳ್ತಿರೋ ಕೋರಸ್‌ನಲ್ಲಿ ಏಳು ಗಂಟಲುಗಳಿವೆ.

1967ರಲ್ಲಿ ಆ ಎಲ್‌ಪಿ ಕೊಂಡವರಿಗೆ ಇವರ ಹೆಸರು ಯಾವುದೂ ಗೊತ್ತಿರಲಿಲ್ಲ. ರಟ್ಟಿನ ಮೇಲೆ ನಾಲ್ಕು ಜನರ ಫೋಟೊ ಇತ್ತು, ಕಂಪನಿ ಹೆಸರಿತ್ತು. ವಾದ್ಯ ನುಡಿಸಿದವರ ಹೆಸರು ಹಾಕೋ ಪದ್ಧತಿಯೇ ಆಗ ಮೋಟೌನ್‌ನಲ್ಲಿ ಇರಲಿಲ್ಲ. ನಮ್ಮಲ್ಲಿ ‘ಎಲೆಮರೆಯ ಕಾಯಿ’ ಅಂತ ಎಷ್ಟು ಚೆಂದದ ಮಾತಿದೆ. ಆದರೆ ಎಲೆ ತಾನಾಗೇ ಅಡ್ಡ ಬಂದದ್ದೋ, ಯಾರಾದರೂ ಅಡ್ಡ ಇಟ್ಟದ್ದೋ ಅಂತಲೂ ಕೇಳಬೇಕಲ್ಲ.

ಬೇಡ ಅಂದವರು, ಕೊಡದೇ ಇದ್ದದ್ದು

1960ರ ದಶಕದ ನಡುವಿನಿಂದ ಮೋಟೌನ್‌ನಲ್ಲಿ ಒಂದು ಬದಲಾವಣೆ ಬರ್ತಾ ಇತ್ತು. ಗುಂಪಿನ ಮುಖ್ಯ ಹಾಡುಗಾರರ ಹೆಸರನ್ನ ಮುಂದೆ ಹಾಕೋದು. ‘ಮಿರಕಲ್ಸ್’ ಹೋಗಿ ‘ಸ್ಮೋಕಿ ರಾಬಿನ್ಸನ್ ಆ್ಯಂಡ್ ದ ಮಿರಕಲ್ಸ್’ ಆಯಿತು. 1967ರಲ್ಲಿ ‘ಸುಪ್ರೀಮ್ಸ್’ ಹೋಗಿ ‘ಡಯಾನಾ ರಾಸ್ ಆ್ಯಂಡ್ ದ ಸುಪ್ರೀಮ್ಸ್’ ಆಯಿತು. ಆ ಲೆಕ್ಕದಲ್ಲಿ ‘ಲೀವೈ ಸ್ಟಬ್ಸ್ ಆ್ಯಂಡ್ ದ ಫೋರ್ ಟಾಪ್ಸ್’ ಆಗಬೇಕಿತ್ತು. ಆಗಲಿಲ್ಲ. ಹೆಸರು ಮುಂದೆ ಬೇಡ, ಒಬ್ಬನೇ ಹೋಗಿ ಹಾಡೋದೂ ಬೇಡ ಅಂತ ಸ್ಟಬ್ಸ್ ಕೊನೆತನಕ ಗುಂಪಿನ ಒಳಗೇ ಉಳಿದರು. ಹಾಗಾಗಿ ಅಷ್ಟು ದೊಡ್ಡ ದನಿಯ ಮನುಷ್ಯನ ಹೆಸರು ಇವತ್ತಿಗೂ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಅವರದ್ದು ಆಯ್ಕೆ. ಜೇಮರ್ಸನ್‌ಗೆ, ಆಂಡಾಂಟೀಸ್‌ಗೆ ಆ ಆಯ್ಕೆ ಇರಲಿಲ್ಲ. ನೆರಳಲ್ಲಿ ನಿಲ್ಲೋದು ಬೇರೆ, ನೆರಳಲ್ಲಿ ನಿಲ್ಲಿಸೋದು ಬೇರೆ. ಒಂದೇ ಆಲ್ಬಂನಲ್ಲಿ ಈ ಎರಡೂ ಪಕ್ಕಪಕ್ಕದಲ್ಲಿ ಕೇಳಿಸುತ್ತೆ, ಅದಕ್ಕೇ ‘ರೀಚ್ ಔಟ್’ ನನ್ನನ್ನ ಬಿಡಲ್ಲ.

ಈ ವ್ಯತ್ಯಾಸ ನನಗೆ ಚೆನ್ನಾಗಿ ಅರ್ಥ ಆದದ್ದು ಹಿಂದೆ ಕೆಲಸ ಮಾಡಿದ ಒಂದು ಕಡೆ. ಅಲ್ಲಿ ದೊಡ್ಡ ರಿಲೀಸ್ ಆದಾಗಲೆಲ್ಲ ಅಭಿನಂದನೆಯ ಮೇಲ್ ಬರುತ್ತಿತ್ತು. ಅದರಲ್ಲಿ ಎರಡೋ ಮೂರೋ ಹೆಸರು. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಎದ್ದು ಕೂತ ಸಪೋರ್ಟ್ ಟೀಮಿನ ಹುಡುಗಿಯ ಹೆಸರಾಗಲಿ, ಸಾವಿರ ಟೆಸ್ಟ್ ಕೇಸ್ ಬರೆದವರ ಹೆಸರಾಗಲಿ ಒಂದು ಸಲವೂ ಇರಲಿಲ್ಲ. ‘ನಾವೆಲ್ಲ ಒಂದೇ ಟೀಮ್’ ಅನ್ನೋ ಸಾಲು ಮಾತ್ರ ತಪ್ಪದೇ ಇರುತ್ತಿತ್ತು. ಗುಂಪಿನ ಹೆಸರಲ್ಲಿ ತನ್ನ ಹೆಸರನ್ನ ಬಿಟ್ಟುಕೊಡೋ ಹಕ್ಕು, ಹೆಸರು ಇರೋರಿಗೆ ಮಾತ್ರ ಇರುತ್ತೆ.

ಹೆಸರು ಬಂದ ದಿನ

‘ರೀಚ್ ಔಟ್’ ಬಂದ ವರ್ಷದ ಕೊನೆಯ ಹೊತ್ತಿಗೆ ಹಾಡು ಬರೆಯೋ ಆ ಮೂವರಿಗೂ ಕಂಪನಿಗೂ ದುಡ್ಡಿನ ವಿಷಯಕ್ಕೆ ಕೆಟ್ಟುಹೋಯಿತು. ಅವರು ಹೊರಗೆ ನಡೆದರು, ಮುಂದೆ ಕೋರ್ಟಿಗೂ ಹೋಯಿತು. ಹೊಸ ಹಾಡು ಇಲ್ಲದೆ ಕಂಪನಿ ಇದೇ ಆಲ್ಬಂನಿಂದ ‘ವಾಕ್ ಅವೇ ರೆನೀ’, ‘ಇಫ್ ಐ ವರ್ ಎ ಕಾರ್ಪೆಂಟರ್’ ಅನ್ನೋ ಬೇರೆಯವರ ಹಾಡುಗಳನ್ನ ತೆಗೆದು ಸಿಂಗಲ್ ಆಗಿ ಬಿಟ್ಟಿತು. ಅವೂ ಗೆದ್ದವು. ಆದರೆ ಆ ಮೂವರು ಕೊಟ್ಟಂಥ ಹಾಡುಗಳ ಸಾಲು ಮೋಟೌನ್‌ನಲ್ಲಿ ಫೋರ್ ಟಾಪ್ಸ್‌ಗೆ ಮತ್ತೆ ಸಿಗಲಿಲ್ಲ.

ಕತೆ ಇಲ್ಲಿ ಒಂದು ತಿರುವು ತಗೊಳ್ಳುತ್ತೆ. 1969ರ ಮೇ ತಿಂಗಳಲ್ಲಿ ಪ್ರವಾಸದಲ್ಲಿದ್ದ ಓಬಿ ಬೆನ್ಸನ್, ಬರ್ಕ್ಲಿಯಲ್ಲಿ ಪೊಲೀಸರು ಪ್ರತಿಭಟನೆ ಮಾಡ್ತಿದ್ದ ಯುವಕರನ್ನ ಹೊಡೆಯೋದನ್ನ ಕಣ್ಣಾರೆ ಕಂಡರು. ಏನಾಗ್ತಿದೆ ಇಲ್ಲಿ ಅನ್ನೋ ಪ್ರಶ್ನೆ ಹಾಡಾಯಿತು. ಆಲ್ ಕ್ಲೀವ್‌ಲ್ಯಾಂಡ್ ಅದನ್ನ ಬೆಳೆಸಲು ಕೈ ಜೋಡಿಸಿದರು. ಬೆನ್ಸನ್ ತಮ್ಮ ತಂಡಕ್ಕೇ ಕೊಟ್ಟರು. ಇದು ಪ್ರತಿಭಟನೆಯ ಹಾಡು, ನಮಗೆ ಬೇಡ ಅಂದರು ಉಳಿದ ಮೂವರು. ಹಾಡು ಮಾರ್ವಿನ್ ಗೇ ಅವರ ಹತ್ತಿರ ಹೋಯಿತು. ಗೇ ಅದಕ್ಕೆ ತಮ್ಮದನ್ನೂ ಸೇರಿಸಿದರು. 1971ರಲ್ಲಿ ಬಂದ ‘ವಾಟ್ಸ್ ಗೋಯಿಂಗ್ ಆನ್’ ಅದೇ.

ಆ ಆಲ್ಬಂನ ಹೊದಿಕೆಯ ಮೇಲೆ ಫಂಕ್ ಬ್ರದರ್ಸ್ ಹೆಸರುಗಳು ಅಚ್ಚಾದವು. ಮೋಟೌನ್ ಅವರ ಹೆಸರನ್ನ ಹೀಗೆ ಹಾಕಿದ್ದು ಅದೇ ಮೊದಲು. ನೋಡಿ, ನಾಲ್ವರಲ್ಲಿ ಒಬ್ಬರು ಹುಟ್ಟುಹಾಕಿ, ಉಳಿದವರು ಬೇಡ ಅಂದ ಹಾಡು, ನೆರಳಲ್ಲಿದ್ದವರನ್ನ ಬೆಳಕಿಗೆ ತಂದಿತು.

ಬೆಳಕು ಬಹಳ ದಿನ ಉಳಿಯಲಿಲ್ಲ. 1972ರಲ್ಲಿ ಮೋಟೌನ್ ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿತು. ಕೆಲಸಕ್ಕೆ ಬಂದ ವಾದ್ಯದವರಿಗೆ ಸಿಕ್ಕಿದ್ದು ಸ್ಟುಡಿಯೋ ಬಾಗಿಲಿಗೆ ಅಂಟಿಸಿದ ಒಂದು ಚೀಟಿ. 1983ರ ಮಾರ್ಚಿನಲ್ಲಿ ಮೋಟೌನ್ 25 ವರ್ಷದ ಹಬ್ಬ ಮಾಡಿತು. ಟಿವಿಗೆ ರೆಕಾರ್ಡ್ ಆದ ಆ ಅದ್ದೂರಿ ಕಾರ್ಯಕ್ರಮದ ವೇದಿಕೆ ಮೇಲೆ ಫೋರ್ ಟಾಪ್ಸ್ ಮತ್ತು ಟೆಂಪ್ಟೇಶನ್ಸ್ ಜಿದ್ದಿಗೆ ಬಿದ್ದು ಹಾಡಿದರು. ಆ ಹಾಡುಗಳ ಬೇಸ್ ಕಟ್ಟಿದ ಜೇಮರ್ಸನ್ ಅವತ್ತು ಅಲ್ಲೇ ಇದ್ದರು. ಟಿಕೆಟ್ ಕೊಂಡು ಬಂದು ಬಾಲ್ಕನಿಯಲ್ಲಿ ಕೂತಿದ್ದರು ಅಂತ ಅವರ ಬಗ್ಗೆ ಬರೆದವರು ಹೇಳುತ್ತಾರೆ. ಅದೇ ಆಗಸ್ಟಿನಲ್ಲಿ ತೀರಿಕೊಂಡರು. 47 ವಯಸ್ಸು.

2002ರಲ್ಲಿ ಈ ವಾದ್ಯದವರ ಮೇಲೆ ಒಂದು ಸಾಕ್ಷ್ಯಚಿತ್ರ ಬಂತು: ‘ಸ್ಟ್ಯಾಂಡಿಂಗ್ ಇನ್ ದ ಶ್ಯಾಡೋಸ್ ಆಫ್ ಮೋಟೌನ್’. ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ? ಹೌದು, ನಮ್ಮ ಈ ಆಲ್ಬಂನ ಹಾಡಿನ ಹೆಸರಲ್ಲಿ ‘ಲವ್’ ತೆಗೆದು ‘ಮೋಟೌನ್’ ಹಾಕಿದ್ದಾರೆ. ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಫೋರ್ ಟಾಪ್ಸ್‌ಗೆ 1990ರಲ್ಲೇ ಸಿಕ್ಕಿತ್ತು. ಜೇಮರ್ಸನ್‌ಗೆ ಸಿಕ್ಕಿದ್ದು 2000ದಲ್ಲಿ, ಅವರು ಹೋಗಿ 17 ವರ್ಷ ಆದಮೇಲೆ.

ನಾಲ್ವರು ಏನಾದರು?

ನಲವತ್ತಕ್ಕೂ ಹೆಚ್ಚು ವರ್ಷ ಅದೇ ನಾಲ್ವರು ಒಟ್ಟಿಗೆ ಹಾಡಿದರು. ಜನಪ್ರಿಯ ಸಂಗೀತದಲ್ಲಿ ಇಂಥದ್ದು ಅಪರೂಪ. 1997ರಲ್ಲಿ ಲಾರೆನ್ಸ್ ಪೇಟನ್ ತೀರಿಕೊಂಡಾಗ ಉಳಿದ ಮೂವರು ಕೂಡಲೇ ಇನ್ನೊಬ್ಬರನ್ನ ತಂದು ಕೂರಿಸಲಿಲ್ಲ. ಹೆಸರಿನಿಂದ ‘ಫೋರ್’ ತೆಗೆದು ಸ್ವಲ್ಪ ಕಾಲ ಬರೀ ‘ಟಾಪ್ಸ್’ ಆಗಿ ಹಾಡಿದರು. ಹೋದವರ ಜಾಗವನ್ನ ಖಾಲಿಯಾಗೇ ತೋರಿಸೋದೂ ಒಂದು ಗೌರವ. 2005ರಲ್ಲಿ ಬೆನ್ಸನ್, 2008ರಲ್ಲಿ ಸ್ಟಬ್ಸ್ ಹೋದರು. ಹೊಸಬರನ್ನ ಸೇರಿಸಿಕೊಂಡು ತಂಡ ನಡೆಸಿದ ಡ್ಯೂಕ್ ಫಕೀರ್ 2024ರ ಜುಲೈನಲ್ಲಿ, 88ನೇ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು.

ಹೇಗೆ ಕೇಳೋದು?

ಇಡೀ ಆಲ್ಬಂ ಒಂದೇ ಮಟ್ಟದಲ್ಲಿದೆ ಅಂತ ನಾನು ಹೇಳಲ್ಲ. ಆ ಕಾಲದ ಎಲ್‌ಪಿಗಳಲ್ಲಿ ಹಿಟ್ ಹಾಡುಗಳ ನಡುವೆ ಜಾಗ ತುಂಬೋಕೆ ಬೇರೆಯವರ ಹಾಡು ಹಾಕೋದು ಮಾಮೂಲು. ಮಂಕೀಸ್ ತಂಡದ ‘ಐಯಾಮ್ ಎ ಬಿಲೀವರ್’, ‘ಲಾಸ್ಟ್ ಟ್ರೇನ್ ಟು ಕ್ಲಾರ್ಕ್ಸ್‌ವಿಲ್’ ಇಲ್ಲಿ ಅಂಥವು. ಕೇಳೋಕೆ ತೊಂದರೆ ಇಲ್ಲ, ಬಿಟ್ಟರೆ ನಷ್ಟವೂ ಇಲ್ಲ. ‘ವಾಕ್ ಅವೇ ರೆನೀ’ ಮಾತ್ರ ಬಿಡಬೇಡಿ. ಮೂಲ ಹಾಡಿನಲ್ಲಿ ಹದಿಹರೆಯದ ಹುಡುಗನ ಬೇಸರ ಇದ್ದರೆ, ಸ್ಟಬ್ಸ್ ಹಾಡಿದಾಗ ಅದು ಬದುಕಿ ನೋಡಿದವನ ನೋವಾಗುತ್ತೆ.

ಸಮಯ ಕಡಿಮೆ ಇದ್ದರೆ ಮೊದಲು ಈ ನಾಲ್ಕು ಕೇಳಿ: ‘ರೀಚ್ ಔಟ್ ಐಲ್ ಬಿ ದೇರ್’, ‘ಸ್ಟ್ಯಾಂಡಿಂಗ್ ಇನ್ ದ ಶ್ಯಾಡೋಸ್ ಆಫ್ ಲವ್’, ‘ಬರ್ನಡೆಟ್’, ‘ವಾಕ್ ಅವೇ ರೆನೀ’. ಒಟ್ಟು ಹನ್ನೆರಡು ನಿಮಿಷ ಆಗಬಹುದು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ನಿಂತಿರ್ತೀವಿ.

ಪ್ರತಿ ಹಾಡನ್ನ ಮೂರು ಸಲ ಕೇಳಿದರೆ ಇನ್ನೂ ಒಳ್ಳೆಯದು. ಮೊದಲ ಸಲ ಸ್ಟಬ್ಸ್ ಅವರಿಗಾಗಿ. ಎರಡನೇ ಸಲ ಬೇಸ್‌ಗಾಗಿ. ಮೂರನೇ ಸಲ ಎಲ್ಲಕ್ಕಿಂತ ಮೇಲೆ ತೆಳ್ಳಗೆ ತೇಲೋ ಆ ಮೂರು ಹೆಣ್ಣು ದನಿಗಳಿಗಾಗಿ. ಕೇಳ್ತಾ ಕೇಳ್ತಾ ಅವರ ಹೆಸರನ್ನ ಒಂದು ಸಲ ಬಾಯಲ್ಲಿ ಹೇಳಿ ನೋಡಿ: ಜ್ಯಾಕಿ, ಮಾರ್ಲೀನ್, ಲುವೇನ್. 1967ರ ಆ ರಟ್ಟಿನ ಮೇಲೆ ಇದಕ್ಕೆ ಒಂದು ಸಾಲಿನಷ್ಟು ಜಾಗ ಸಾಕಿತ್ತು.